‘ಮೆನೆಸ್’ಗೆ ‘ತುಂಟ’ ಸಾಕೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬ್ರಿಟನ್ನಿನ ಮಕ್ಕಳ ಕಾಮಿಕ್ಸ್ ವಾರಪತ್ರಿಕೆ ‘ಬೀನೋ’ ಕುರಿತು ಬರೆಯುತ್ತಿದ್ದೆ. ಅದರಲ್ಲಿ ಬರುವ ಹುಡುಗ ‘ಡೆನ್ನಿಸ್ ದ ಮೆನೆಸ್’ನ ಹೆಸರನ್ನು ಕನ್ನಡಕ್ಕೆ ತರುವಲ್ಲಿಗೆ ಬಂದು ಪೆನ್ನು ನಿಂತಿತು.

ನಿಘಂಟಿನಲ್ಲಿ ಸಿಗುವುದು ಬೆದರಿಕೆ, ಅಪಾಯ, ಪೀಡೆ. ‘ತುಂಟ’ ಅನ್ನೋಣವೆಂದರೆ ಆ ಪದದಲ್ಲಿ ಮುದ್ದು ಬೆರೆತಿದೆ. ಬೆಣ್ಣೆ ಕದ್ದ ಕೃಷ್ಣನೂ ತುಂಟನೇ. ತಮಾಷೆಯೆಂದರೆ, ಇದೇ ಹೆಸರಿನ ಇಬ್ಬರು ಹುಡುಗರು 1951ರ ಮಾರ್ಚ್ 12ರಂದು, ಒಂದೇ ದಿನ, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲದೆ ಹುಟ್ಟಿದರು: ಒಬ್ಬ ಅಮೆರಿಕದಲ್ಲಿ, ಒಬ್ಬ ಬ್ರಿಟನ್ನಿನಲ್ಲಿ. ಹ್ಯಾಂಕ್ ಕೆಚಮ್ ಬರೆದ ಅಮೆರಿಕದ ಪೋರನಿಗೆ ‘ತುಂಟ’ ಚೆನ್ನಾಗಿ ಒಪ್ಪುತ್ತದೆ. ಅವನು ಉಪಕಾರ ಮಾಡಲು ಹೋಗಿ ಕೆಡಿಸುವವನು. ಬ್ರಿಟನ್ನಿನವನು ಬೇಕಂತಲೇ ಕೆಡಿಸುವವನು. ಕೆಂಪು-ಕಪ್ಪು ಪಟ್ಟೆಯ ಸ್ವೆಟರ್, ಕೈಯಲ್ಲಿ ಚಾಟರಬಿಲ್ಲು, 1968ರಿಂದ ಜೊತೆಗೆ ಹಲ್ಲು ಕಡಿಯುವ ನಾಯಿ ನ್ಯಾಷರ್. ಹಳೆಯ ಕಂತುಗಳು ಎಷ್ಟೋ ಸಲ ಅಪ್ಪನ ಚಪ್ಪಲಿ ಏಟಿನಲ್ಲೇ ಮುಗಿಯುತ್ತಿದ್ದವು.

‘ಪುಂಡ’ ಅಂದರೆ ಪತ್ರಿಕೆಗಳ ಪುಂಡಾನೆ ನೆನಪಾಗುತ್ತದೆ. ‘ಕಿಡಿಗೇಡಿ’ ಬಸ್ಸಿಗೆ ಕಲ್ಲು ತೂರುವವನು. ‘ಪೋಕರಿ’ಗೆ ಮೀಸೆ ಬಂದಾಗಿದೆ. ಬೀನೋಗೆ 1953ರಲ್ಲಿ ಬಂದ ಹುಡುಗಿ ‘ಮಿನ್ನಿ ದ ಮಿಂಕ್ಸ್’ ಇಷ್ಟು ಕಾಡಲಿಲ್ಲ, ‘ಗಂಡುಬೀರಿ’ ಅಂತ ಬರೆದು ಮುಂದೆ ಹೋದೆ.

ಪತ್ರಿಕೆಯ ಹೆಸರನ್ನು ಮುಟ್ಟಿಲ್ಲ. ಮಾಲೀಕ ವರ್ಷಕ್ಕೊಮ್ಮೆ ಕೆಲಸಗಾರರಿಗೆ ಹಾಕಿಸುತ್ತಿದ್ದ ಊಟ ‘ಬೀನ್‌ಫೀಸ್ಟ್’. ಅದೇ ಆಡುಮಾತಿನಲ್ಲಿ ಸವೆದು ‘ಬೀನೋ’ ಆಗಿ, ಮೋಜಿನ ಕೂಟಕ್ಕೆಲ್ಲ ಹೆಸರಾಯಿತು. ‘ಔತಣ’ ಅಂದರೆ ಆ ಗಲಾಟೆ ಬರುವುದಿಲ್ಲ, ‘ಸಂತರ್ಪಣೆ’ ಅಂದರೆ ದೇವಸ್ಥಾನದ ಗಂಟೆ ಕೇಳಿಸುತ್ತದೆ.

ಸ್ಕಾಟ್ಲೆಂಡಿನ ಡಂಡಿಯಲ್ಲಿ ಡಿ.ಸಿ. ಥಾಮ್ಸನ್ ಸಂಸ್ಥೆ ಈ ಪತ್ರಿಕೆಯನ್ನು ಶುರುಮಾಡಿದ್ದು 1938ರ ಜುಲೈನಲ್ಲಿ. ಯುದ್ಧಕಾಲದ ಕಾಗದದ ಬರದಲ್ಲಿ ಬೀನೋ ಒಂದು ವಾರ ಬಂದರೆ, ಅದೇ ಸಂಸ್ಥೆಯ ಕಾಮಿಕ್ಸ್, ಅದರ ಅಣ್ಣ ‘ಡ್ಯಾಂಡಿ’ ಮರುವಾರ. 1950ರಲ್ಲಿ ವಾರಕ್ಕೆ 20 ಲಕ್ಷದ ಹತ್ತಿರ ಪ್ರತಿ ಖರ್ಚಾಗುತ್ತಿತ್ತು. ಡೆನ್ನಿಸ್ ಹುಟ್ಟುವ ಮೊದಲೇ, ಗಮನಿಸಿ! ಡ್ಯಾಂಡಿಯ ಅಚ್ಚು 2012ರಲ್ಲಿ ನಿಂತಿತು. ಬೀನೋ 2019ರಲ್ಲಿ 4000ನೇ ಸಂಚಿಕೆ ತಂದಿತು.

ಈಗ ನನ್ನ ಕಣ್ಣು ಧಾರವಾಡದ ಕಡೆಯ ‘ಉಡಾಳ’ನ ಮೇಲಿದೆ. ‘ಉಡಾಳ ಡೆನ್ನಿಸ್’. ಪ್ರಾಸ ಹೋಯಿತು, ಗುಣ ಉಳಿಯಿತು. ಆದರೆ ಆ ಕಡೆಯವರು ಹೇಳಬೇಕು: ಹತ್ತು ವರ್ಷದ ಹುಡುಗನಿಗೂ ಉಡಾಳ ಅಂತೀರೋ, ಕೆಲಸವಿಲ್ಲದೆ ತಿರುಗುವ ದೊಡ್ಡವರಿಗೆ ಮಾತ್ರವೋ? ಮೈಸೂರು ಸೀಮೆಯ ಮಕ್ಕಳಿಗೆ ಈ ಪದ ಅರ್ಥವಾದೀತೇ?