ಆಂಟಿಬಯೋಟಿಕ್ ಶುರುವಾದ ಮೇಲೆ ಅಮ್ಮನಿಗೆ ಭೇದಿ, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ:
ಹಲ್ಲಿನ ಕೀವಿಗೆ ಅಮ್ಮನಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಕೊಟ್ಟಿದ್ದಾರೆ, 5 ದಿನಕ್ಕೆ. ಇವತ್ತು ಮೂರನೇ ದಿನ. ಬೆಳಿಗ್ಗೆಯಿಂದ ನಾಲ್ಕು ಸಲ ಭೇದಿ. ಗಂಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಈ ಮಾತ್ರೆ ಇನ್ನು ಬೇಡ ಕಣೇ" ಅನ್ನುತ್ತಿದ್ದಾರೆ. ಅವರಿಗೆ 68 ವರ್ಷ. ಭಯ ಆಗುತ್ತಿದೆ.

ಉತ್ತರ 1:
ನನಗೂ ಇದೇ ಮಾತ್ರೆಯಲ್ಲಿ ಹೀಗಾಗಿತ್ತು. ಕ್ಲಾವುಲನೇಟ್ ಸೇರಿದರೆ ಭೇದಿ ಜಾಸ್ತಿ. ಖಾಲಿ ಹೊಟ್ಟೆಗೆ ಬೇಡ, ಊಟದ ಮೊದಲ ತುತ್ತಿನ ಜೊತೆ ಕೊಡಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ನನಗೆ ಹಿಡಿಸಿದ್ದು ಮಜ್ಜಿಗೆ ಅನ್ನ, ಚಿಟಿಕೆ ಉಪ್ಪು. ಆದರೆ ನೀವೇ ನಿಲ್ಲಿಸಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಉತ್ತರ 2:
ಭೇದಿ ಕಟ್ಟುವ ಮಾತ್ರೆ ಸುಮ್ನೆ ಕೊಡಬೇಡಿ, ಕೇಳಿ ಕೊಡಿ. ಮಲದಲ್ಲಿ ರಕ್ತ, ಜ್ವರ, ಜೋರು ಹೊಟ್ಟೆನೋವು ಬಂದರೆ ಕಾಯಬೇಡಿ. ಮೂತ್ರ ಕಡಿಮೆಯಾದರೂ ಅಷ್ಟೇ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ. ಈ ವಯಸ್ಸಿನಲ್ಲಿ ಬೇಗ ಸುಸ್ತಾಗುತ್ತಾರೆ, ಅಲ್ವಾ?

ಪ್ರಶ್ನೆ ಕೇಳಿದವರು:
ಡಾಕ್ಟರಿಗೆ ಫೋನ್ ಮಾಡಿದೆ. ರಕ್ತ, ಜ್ವರ ಇಲ್ಲ ಅಂದೆ. ಊಟದ ಜೊತೆ ಕೊಟ್ಟು ಕೋರ್ಸ್ ಮುಗಿಸಿ, ನಾಳೆಯೂ ಹೀಗೇ ಇದ್ದರೆ ಕರೆತನ್ನಿ ಅಂದರು. ಈಗಷ್ಟೇ ಅರ್ಧ ಲೋಟ ಓಆರ್‌ಎಸ್ ಕುಡಿದು ಮಲಗಿದ್ದಾರೆ.