ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ ಫ್ಲಾಸ್ಕ್ ಕಂದಾಗುತ್ತಿದೆ, ರೀಡಿಂಗ್ ಹೊಂದುತ್ತಿಲ್ಲ

ಸೆಕೆಂಡ್_ಪಿಯು:
ಫ್ಲಾಸ್ಕಲ್ಲಿ 0.05 ಮೋಲಾರ್ (ಲೀಟರಿಗೆ 0.05 ಮೋಲ್) ಆಕ್ಸಾಲಿಕ್ ಆಮ್ಲ 10 ಮಿ.ಲೀ., ಹನಿಹನಿಯಾಗಿ ಬಿಡೋ ಅಳತೆ ಕೊಳವೆ ಬ್ಯುರೆಟ್‌ನಲ್ಲಿ 0.02 ಮೋಲಾರ್ ಪರ್ಮಾಂಗನೇಟ್. ಲೆಕ್ಕದ ಪ್ರಕಾರ 10 ಮಿ.ಲೀ. ಪರ್ಮಾಂಗನೇಟ್ ಖರ್ಚಾಗಬೇಕು, ನನಗೆ 10.9, 11.6, 11.2 ಬರ್ತಿದೆ. ಮೊದಲ ಹನಿಗಳ ಬಣ್ಣ ಹೋಗೋದೇ ಇಲ್ಲ, ಆಮೇಲೆ ಕಂದು. ಡೈಲ್ಯೂಟ್ ಸಲ್ಫ್ಯೂರಿಕ್ 2 ಮಿ.ಲೀ. ಹಾಕಿ ಕೈಗೆ ಬೆಚ್ಚಗಾಗುವಷ್ಟು ಬಿಸಿ ಮಾಡಿದ್ದೆ. ತಪ್ಪೆಲ್ಲಿ ಸರ್?

ಲ್ಯಾಬ್_ಬೆಂಚು:
ಬಿಸಿಯೂ ಸಾಲದು, ಆಸಿಡ್ಡೂ ಸಾಲದು. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಸರಿಯಾಗಿ ನಡೆದರೆ ಒಂದು ಪರ್ಮಾಂಗನೇಟ್ 5 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಕಂದಾಗಿ ನಿಂತರೆ ಮೂರೇ. ಅದಕ್ಕೇ ರೀಡಿಂಗ್ ಏರಿದೆ. 1 ಮೋಲಾರ್ ಸಲ್ಫ್ಯೂರಿಕ್ 10 ಮಿ.ಲೀ. ಹಾಕಿ, 60–70 ಡಿಗ್ರಿಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಹಬೆ ಏಳತೊಡಗಿದ ಕೂಡಲೇ ಇಳಿಸಿ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದು ರೀಡಿಂಗ್ ಕಡಿಮೆ ಬರುತ್ತದೆ.

ಮೊದಲ ಹನಿಗಳು ನಿಧಾನ ಆಗುವುದು ಸಹಜ. ಈ ಕ್ರಿಯೆಗೆ ಕ್ರಿಯಾವರ್ಧಕ ಮ್ಯಾಂಗನಸ್ ಅಯಾನು, ಅದು ಹುಟ್ಟುವುದೇ ಕ್ರಿಯೆಯೊಳಗೆ. ಒಂದೆರಡು ಹನಿ ಬಿಟ್ಟು, ಅಲ್ಲಾಡಿಸಿ, ಬಣ್ಣ ಪೂರ್ತಿ ಹೋಗುವತನಕ ಕಾಯಿರಿ. ಆಮೇಲೆ ತಾನೇ ಚುರುಕಾಗುತ್ತದೆ. ಕಂದು ಕಂಡ ಫ್ಲಾಸ್ಕ್ ಚೆಲ್ಲಿ ಹೊಸದಾಗಿ ಶುರು ಮಾಡಿ.

ಹನಿ_ಹನಿ:
ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಬೇಡವೇ ಬೇಡ. ಪರ್ಮಾಂಗನೇಟ್ ಕ್ಲೋರೈಡನ್ನೂ ಕ್ಲೋರಿನ್ ಮಾಡುತ್ತಾ ಹೆಚ್ಚು ಖರ್ಚಾಗುತ್ತದೆ. ಬ್ಯುರೆಟ್‌ಗೆ ಗಾಜಿನ ತಿರುಪು ಇರಲಿ, ರಬ್ಬರ್ ಟ್ಯೂಬನ್ನು ಪರ್ಮಾಂಗನೇಟ್ ತಿನ್ನುತ್ತದೆ. ಬಣ್ಣ ಗಾಢವಾದ್ದರಿಂದ ದ್ರವದ ಮೇಲಿನ ಅಂಚನ್ನೇ ಓದಿ, ಶುರುವಲ್ಲೂ ಕೊನೆಯಲ್ಲೂ. ಬ್ಯುರೆಟ್, ಪಿಪೆಟ್ (ಆಕ್ಸಾಲಿಕ್ ಆಮ್ಲ ಅಳೆದು ಹಾಕುವ ಕೊಳವೆ) ಎರಡನ್ನೂ ಅದರದರ ದ್ರಾವಣದಿಂದ ತೊಳೆಯಿರಿ, ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಎಂಡ್ ಪಾಯಿಂಟ್, ಅಂದರೆ ಕ್ರಿಯೆ ಮುಗಿದ ಗುರುತು. ಆಮೇಲೆ ಮಾಸಿದರೂ ಇನ್ನೊಂದು ಹನಿ ಸೇರಿಸಬೇಡಿ.

ಸೆಕೆಂಡ್_ಪಿಯು:
ಈಗ 10.1, 10.0, 10.0 ಬಂತು! ಮೋರ್ಸ್ ಸಾಲ್ಟ್‌ಗೂ ಹೀಗೇ ಕಾಯಿಸಬೇಕಾ?

ಲ್ಯಾಬ್_ಬೆಂಚು:
ಬೇಡ. ಅದರಲ್ಲಿರುವ ಫೆರಸ್ (ಕಬ್ಬಿಣದ) ಅಯಾನು ತಣ್ಣಗಿದ್ದಾಗಲೇ ಬೇಗ ವರ್ತಿಸುತ್ತದೆ, ಕಾಯಿಸಿದರೆ ಗಾಳಿಯ ಆಕ್ಸಿಜನ್ನಿಂದ ಫೆರಿಕ್ ಆಗಿ ರೀಡಿಂಗ್ ಇಳಿಯುತ್ತದೆ. 250 ಮಿ.ಲೀ. 0.1 ಮೋಲಾರ್ ದ್ರಾವಣಕ್ಕೆ 9.8 ಗ್ರಾಂ ತೂಗಿ, ಮೊದಲು ಸ್ವಲ್ಪ ಡೈಲ್ಯೂಟ್ ಸಲ್ಫ್ಯೂರಿಕ್‌ನಲ್ಲಿ ಕರಗಿಸಿ, ನಂತರ ಗುರುತಿನವರೆಗೆ ನೀರು. ಬರೀ ನೀರಲ್ಲಿ ಕರಗಿಸಿದರೆ ಸ್ವಲ್ಪ ಹೊತ್ತಿಗೇ ಹಳದಿ ತಿರುಗುತ್ತದೆ.