ಪದಚರ್ಚೆ: ಸಾಫ್ಟ್‌ಬಾಲ್ ಅಂಪೈರ್ ಮಾಡುವ ‘ಟ್ರೇಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥದೇ ಒಂದು ಆಟ) ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತೇನೆ. ಊರಲ್ಲಿ ಪಿ.ಟಿ. ಮೇಷ್ಟ್ರಾಗಿರುವ ಗೆಳೆಯರೊಬ್ಬರು, ಇಬ್ಬರೇ ಅಂಪೈರ್ ಇದ್ದಾಗ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎತ್ತ ಹೋಗಬೇಕು ಅಂತ ಕನ್ನಡದಲ್ಲಿ ಬರೆದುಕೊಡಿ ಎಂದರು. ಬೇಸ್ (ಓಡುವವರು ಮುಟ್ಟಬೇಕಾದ ಗುರುತು), ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು), ಫೌಲ್, ಸ್ಟ್ರೈಕ್ ಇವನ್ನೆಲ್ಲ ಹಾಗೇ ಇಟ್ಟೆ. ಆಡುವವರ ಬಾಯಲ್ಲಿ ಇರುವುದೂ ಅವೇ ಅಲ್ವಾ. ತೊಡಕಾಗಿದ್ದು ಪ್ಲೇಟ್ ಅಂಪೈರ್ (ಬ್ಯಾಟರ್ ಚೆಂಡು ಹೊಡೆಯುವ ಜಾಗದ, ಅಂದರೆ ಹೋಮ್ ಪ್ಲೇಟ್ ಹಿಂದಿರುವವರು; ಇನ್ನೊಬ್ಬರು ಬೇಸ್ ಅಂಪೈರ್) ನಿಲ್ಲುವ, ನಡೆಯುವ ಬಗೆಯನ್ನು ಹೇಳುವ ಪದಗಳಲ್ಲಿ.

ಮೊದಲನೆಯದು ‘ಸ್ಲಾಟ್’. ಪ್ಲೇಟ್ ಅಂಪೈರ್ ಕ್ಯಾಚರ್ ಬೆನ್ನ ಹಿಂದೆ ನೇರವಾಗಿ ನಿಲ್ಲುವುದಿಲ್ಲ. ಬ್ಯಾಟರ್‌ಗೂ ಕ್ಯಾಚರ್‌ಗೂ ನಡುವಿನ ತೆರವಿನಲ್ಲಿ ತಲೆ ಇಟ್ಟುಕೊಳ್ಳಬೇಕು. ಬಲಗೈ ಬ್ಯಾಟರ್ ಆದರೆ ಕ್ಯಾಚರ್‌ನ ಎಡ ಹೆಗಲಿನ ಮೇಲಿಂದ ನೋಟ. ಕಣ್ಣು ಸ್ಟ್ರೈಕ್ ಝೋನ್‌ನ (ಸರಿಯಾದ ಎಸೆತ ಹಾದುಹೋಗಬೇಕಾದ ಜಾಗ) ಮೇಲಂಚಿನ ಮಟ್ಟಕ್ಕಿರಬೇಕು. ಚೆಂಡೆಸೆಯುವ ಪಿಚರ್ ಇರುವುದು 43 ಅಡಿ ದೂರದಲ್ಲಿ, ಹೋಮ್ ಪ್ಲೇಟ್‌ನ ಅಗಲ ಬರೀ 17 ಇಂಚು. ಚೆಂಡು ಅದರ ಅಂಚು ಸವರಿತೋ ಇಲ್ಲವೋ ಅನ್ನುವುದು ಈ ಜಾಗದಿಂದ ಚೆನ್ನಾಗಿ ಕಾಣುತ್ತದೆ. ಇದಕ್ಕೆ ‘ಕಿಂಡಿ’ ಅನ್ನೋಣ ಅಂದುಕೊಂಡೆ. ಉಡುಪಿಯ ಕನಕನ ಕಿಂಡಿಯ ಹಾಗೆ ಇದೂ ನೋಡುವುದಕ್ಕೆಂದೇ ಇರುವ ಜಾಗ. ಆದರೆ ಕಿಂಡಿ ಗೋಡೆಯಲ್ಲಿರುತ್ತದೆ, ಕದಲುವುದಿಲ್ಲ. ಎಡಗೈ ಬ್ಯಾಟರ್ ಬಂದರೆ ಸ್ಲಾಟ್ ಇನ್ನೊಂದು ಹೆಗಲಿನ ಕಡೆಗೆ ಹೋಗುತ್ತದೆ. ಅದಕ್ಕೇ ‘ಸಂದು’ ಎಂದು ಬರೆದೆ. ಇಬ್ಬರು ನಿಂತರೆ ಸಂದು, ಅವರು ಸರಿದರೆ ಅದೂ ಸರಿಯುತ್ತದೆ.

ಎರಡನೆಯದು ‘ಹೋಲ್ಡಿಂಗ್ ಝೋನ್’. ಇದಕ್ಕೆ ಪದ ತಾನಾಗಿ ಸಿಕ್ಕಿತು. ಮೊದಲ ಬೇಸಿನಲ್ಲಿ ಮಾತ್ರ ಓಟಗಾರ್ತಿ ಇದ್ದಾಳೆ, ಚೆಂಡು ಔಟ್‌ಫೀಲ್ಡಿಗೆ ಹೋಯಿತು ಅನ್ನಿ. ಬೇಸ್ ಅಂಪೈರ್ ಬ್ಯಾಟರ್ ಮೇಲೆ ಕಣ್ಣಿಡುತ್ತಾರೆ. ಪ್ಲೇಟ್ ಅಂಪೈರ್ ಫೌಲ್ ಗೆರೆಯ (ಆಟದ ಜಾಗದ ಪಕ್ಕದ ಗಡಿ) ಹೊರಗಿನಿಂದ ಮೂರನೇ ಬೇಸಿನತ್ತ ಹೋಗಿ, ಸ್ವಲ್ಪ ಈಚೆಗೇ ನಿಲ್ಲುತ್ತಾರೆ. ಆ ಓಟಗಾರ್ತಿ ಮೂರನೇ ಬೇಸಿಗೆ ಬಂದು ಅಲ್ಲಿ ಅವಳನ್ನು ಔಟ್ ಮಾಡಲು ನೋಡಿದರೆ ಗೆರೆಯ ಒಳಗೆ ಹೋಗಿ ತೀರ್ಪು ಕೊಡಬೇಕು. ಅವಳು ಹೋಮ್ ಕಡೆಗೇ ನುಗ್ಗಿದರೆ ವಾಪಸ್ ಓಡಬೇಕು. ಆ ನಿಲ್ಲುವ ಜಾಗಕ್ಕೆ ‘ಕಾಯುವ ಜಾಗ’ ಎಂದೆ. ನಮ್ಮ ‘ಕಾಯು’ ಪದಕ್ಕೆ ಎದುರುನೋಡು ಅಂತಲೂ ಅರ್ಥ, ಕಾವಲಿರು ಅಂತಲೂ ಅರ್ಥ. ಅಲ್ಲಿ ನಿಂತವರು ಎರಡನ್ನೂ ಮಾಡುತ್ತಾರೆ. ಇಂಗ್ಲಿಷ್ ಪದದಲ್ಲಿ ಇದಿಲ್ಲ. ನನಗೆ ತುಂಬಾ ಖುಷಿಯಾಯಿತು.

ನಾನು ಸಿಕ್ಕಿಹಾಕಿಕೊಂಡಿರುವುದು ‘ಟ್ರೇಲ್’ ಹತ್ತಿರ. ಬೇಸುಗಳು ಖಾಲಿ, ಚೆಂಡು ನೆಲಕ್ಕೆ ಬಿದ್ದು ಇನ್‌ಫೀಲ್ಡಿಗೆ ಉರುಳಿತು. ಬ್ಯಾಟರ್ ಮೊದಲ ಬೇಸಿಗೆ ಓಡುತ್ತಾಳೆ. ಔಟೋ ಸೇಫೋ ಹೇಳುವವರು ಬೇಸ್ ಅಂಪೈರ್. ಆದರೂ ಪ್ಲೇಟ್ ಅಂಪೈರ್ ಕ್ಯಾಚರ್ ಹಿಂದಿನಿಂದ ಹೊರಬಂದು, ಅವಳ ಹಿಂದೆ ಸ್ವಲ್ಪ ದೂರ ಹೋಗುತ್ತಾರೆ. ಬೇಸಿನವರೆಗೆ ಅಲ್ಲ. ಎಸೆತ ತಲುಪುವಷ್ಟರಲ್ಲಿ ನಿಂತುಬಿಡಬೇಕು. ಓಡುತ್ತಾ ನೋಡಿದರೆ ಕಣ್ಣು ಅಲುಗುತ್ತದೆ. ಹೋಮ್‌ನಿಂದ ಮೊದಲ ಬೇಸಿಗೆ 60 ಅಡಿ. ಕೊನೆಯ 30 ಅಡಿಗೆ 3 ಅಡಿ ಅಗಲದ ಓಟದ ಪಟ್ಟಿ ಇದೆ. ಅವಳು ಅದರೊಳಗೇ ಓಡಿದಳೇ? ಚೆಂಡು ಹಿಡಿದವಳ ಕಾಲು ಬೇಸಿನಿಂದ ಎದ್ದಿತೇ? ಎಸೆತ ತಪ್ಪಿ ಆಚೆ ಹೋಯಿತೇ? ಇದನ್ನೆಲ್ಲ ನೋಡುವುದಕ್ಕೇ ಆ ನಡೆ.

‘ಹಿಂಬಾಲಿಸು’ ಅಂದರೆ ಕೊನೆತನಕ ಹೋದ ಹಾಗೆ. ‘ಬೆನ್ನುಹತ್ತು’ ಅಂದರೆ ಹಿಡಿಯೋಕೆ ಹೊರಟ ಹಾಗೆ. ‘ಜಾಡು ಹಿಡಿ’ ಅನ್ನುವುದು ಕಣ್ಣಿಗೆ ಕಾಣದವರನ್ನು ಹುಡುಕುವಾಗ. ನನಗೆ ನೆನಪಾಗುವುದು ಮನೆಗೆ ಬಂದ ನೆಂಟರ ಜೊತೆ ಬೀದಿಯ ತಿರುವಿನ ತನಕ ಹೋಗಿ ನಿಲ್ಲುವುದು. ‘ಕಳಿಸಿ ಬಾ’ ಅನ್ನುತ್ತಿದ್ದರು ನಮ್ಮಜ್ಜಿ. ನಡಿಗೆ ಅದೇ, ಆದರೆ ಇಲ್ಲಿ ಯಾರನ್ನೂ ಕಳಿಸುತ್ತಿಲ್ಲ.

ಸದ್ಯಕ್ಕೆ ‘ಹಿಂದೆ ಹೆಜ್ಜೆಹಾಕು’ ಎಂದು ಬರೆದಿದ್ದೇನೆ. ನಿಲ್ಲುವ ಮಾತು ಇದರಲ್ಲೂ ಬರಲಿಲ್ಲ. ಒಬ್ಬರ ಹಿಂದೆ ಅಷ್ಟು ದೂರ ಹೋಗಿ, ಅಲ್ಲೇ ನಿಂತು ಅವರನ್ನೇ ನೋಡುವುದಕ್ಕೆ ನಿಮ್ಮ ಕಡೆ ಏನಾದರೂ ಮಾತಿದೆಯೇ? ದನಕರು ಅಟ್ಟುವವರು, ಮಗುವಿಗೆ ನಡೆಯೋಕೆ ಕಲಿಸುವವರು ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ.